ಸಾಲಗಾರ ಗಂಡಂದಿರು

ಕೇಳುಗರಿಗೆಲ್ಲ ನಮಸ್ಕಾರ.

ಎರಡು ಸಾವಿರ ವರ್ಷದ ಹಿಂದಿನ ಗಂಡ ಅಂದ ಕೂಡಲೇ ನಮಗೆ ನೆನಪಾಗುವುದು ಮನೆಯ ಯಜಮಾನ. ಅವನು ಆಡಿದ್ದೇ ಮಾತು, ಹಾಕಿದ್ದೇ ಗೆರೆ. ಗ್ರೀಕರಲ್ಲಿ, ರೋಮನ್ನರಲ್ಲಿ, ಯಹೂದಿಗಳಲ್ಲಿ, ಮೊದಮೊದಲ ಕ್ರೈಸ್ತರಲ್ಲಿ ಇಂಥವರು ಬೇಕಾದಷ್ಟು ಜನ ಇದ್ದರು. ಇಲ್ಲ ಅನ್ನುವುದಕ್ಕೆ ನಾನು ಬಂದಿಲ್ಲ. ಆದರೆ ಆ ಕಾಲದ ಮದುವೆ ಕರಾರು, ಸಾಲಪತ್ರ, ಕೋರ್ಟಿನ ತಕರಾರು ಇವನ್ನೆಲ್ಲ ಓದುತ್ತಾ ಹೋದರೆ ಇನ್ನೊಬ್ಬ ಗಂಡ ಸಿಗುತ್ತಾನೆ. ಅವನು ಹೆಂಡತಿಗೆ ಬಾಕಿ ಉಳಿಸಿಕೊಂಡವನು. ಇವತ್ತಿನ ಮಾತು ಅವನ ಬಗ್ಗೆ.

ಅಥೆನ್ಸಿನಿಂದ ಶುರು ಮಾಡೋಣ. ಅಲ್ಲಿ ಮಗಳನ್ನು ಕೊಡುವಾಗ ಅಪ್ಪ ಜೊತೆಗೆ ಬಳುವಳಿ ಕೊಡುತ್ತಿದ್ದ. ಅದು ಗಂಡನ ಮನೆ ಸೇರಿ ಕರಗಿಹೋಗುವ ಹಣ ಅಲ್ಲ. ಗಂಡ ಅದನ್ನು ವ್ಯಾಪಾರಕ್ಕೆ ಹಾಕಬಹುದು, ದುಡಿಸಬಹುದು. ಮದುವೆ ಮುರಿದರೆ ಮಾತ್ರ ಅಷ್ಟನ್ನೂ ಅವಳ ತವರಿಗೆ ತಿರುಗಿ ಕೊಡಬೇಕು. ತಡ ಮಾಡಿದರೆ ವರ್ಷಕ್ಕೆ ಶೇಕಡಾ 18ರ ಬಡ್ಡಿ. ಸಿಟ್ಟು ಬಂತು ಅಂತ ಹೆಂಡತಿಯನ್ನು ತವರಿಗೆ ಅಟ್ಟುವ ಮೊದಲು ಅಲ್ಲಿನ ಗಂಡ ಒಂದು ಸಲ ಲೆಕ್ಕ ಹಾಕಬೇಕಿತ್ತು.

ಡೆಮಾಸ್ತನೀಸ್ ಎಂಬ ದೊಡ್ಡ ಮಾತುಗಾರನ ಹೆಸರು ನೀವು ಕೇಳಿರಬಹುದು. ಅವನು ಮೊದಲು ಕೋರ್ಟು ಮೆಟ್ಟಿಲು ಹತ್ತಿದ್ದೇ ಆಸ್ತಿಯ ಜಗಳಕ್ಕೆ, ಅದರಲ್ಲಿ ತಾಯಿಯ ಬಳುವಳಿಯೂ ಸೇರಿತ್ತು. ಅವನಿಗೆ 7 ವರ್ಷ ಆಗಿದ್ದಾಗ ಅಪ್ಪ ತೀರಿಕೊಂಡ. ಸಾಯುವ ಮೊದಲು ಒಂದು ಏರ್ಪಾಡು ಮಾಡಿದ್ದ. ಅಫೋಬಸ್ ಎಂಬ ಸಂಬಂಧಿಕ ವಿಧವೆಯನ್ನು ಮದುವೆ ಆಗಬೇಕು, ಅವಳ ಜೊತೆ 80 ಮಿನಾ ಬಳುವಳಿ ಪಡೆಯಬೇಕು. ಒಂದು ಮಿನಾ ಅಂದರೆ 100 ಬೆಳ್ಳಿ ದ್ರಾಕ್ಮಾ. ಅಫೋಬಸ್ ಬಂದ. ಮನೆಯಲ್ಲಿ ಬೀಡು ಬಿಟ್ಟ. ಒಡವೆ, ಬಟ್ಟಲು ಎಲ್ಲ ತೆಗೆದುಕೊಂಡ. ಮದುವೆ ಮಾತ್ರ ಆಗಲಿಲ್ಲ. ಹಣ ಇಟ್ಟುಕೊಂಡಿದ್ದೀಯಲ್ಲ, ಆಕೆಯ ಊಟಕ್ಕಾದರೂ ಕೊಡು ಅಂತ ನೆಂಟರು ಕೇಳಿದರೆ, ‘ಒಡವೆ ವಿಷಯದಲ್ಲಿ ಆಕೆಯ ಹತ್ತಿರ ಸಣ್ಣ ತಕರಾರಿದೆ, ಅದು ಬಗೆಹರಿಯಲಿ’ ಅಂದನಂತೆ. ಹುಡುಗ ಬೆಳೆದು ವಯಸ್ಸಿಗೆ ಬಂದ, ಕ್ರಿ.ಪೂ. 364ರ ಹೊತ್ತಿಗೆ ಇವನ ಮೇಲೆ ದಾವೆ ಹೂಡಿ ಗೆದ್ದ. ಆ ಭಾಷಣಗಳು ಇವತ್ತಿಗೂ ಉಳಿದಿವೆ. ಅಷ್ಟೆಲ್ಲ ಮಾತಿನಲ್ಲಿ ತಾಯಿಯ ಹೆಸರು ಒಂದೇ ಒಂದು ಸಲವೂ ಬರುವುದಿಲ್ಲ. ಮರ್ಯಾದಸ್ಥ ಹೆಂಗಸಿನ ಹೆಸರನ್ನು ಕೋರ್ಟಿನಲ್ಲಿ ಎತ್ತಬಾರದು ಅನ್ನುವುದು ಅಲ್ಲಿನ ರೂಢಿ. ಅವಳ ಹಣದ ಲೆಕ್ಕ ಮಾತ್ರ ಊರಿಗೆಲ್ಲ ಗೊತ್ತಾಗಬಹುದು!

ರೋಮಿಗೆ ಬನ್ನಿ. ಹೆಂಡತಿ ಪೂರ್ತಿಯಾಗಿ ಗಂಡನ ಕೈಕೆಳಗೆ ಬರುವ ಪದ್ಧತಿ ಅಲ್ಲಿ ಒಂದು ಕಾಲಕ್ಕೆ ಇತ್ತು. ಕ್ರಿ.ಪೂ. ಒಂದನೆಯ ಶತಮಾನದ ಹೊತ್ತಿಗೆ ಅದು ಹೆಚ್ಚುಕಡಿಮೆ ಬಿದ್ದುಹೋಗಿತ್ತು. ಹೆಂಡತಿಯ ಆಸ್ತಿ ಬೇರೆ, ಗಂಡನ ಆಸ್ತಿ ಬೇರೆ. ಮದುವೆಗೆ ಇಬ್ಬರ ಒಪ್ಪಿಗೆ ಬೇಕು, ಒಬ್ಬರಿಗೆ ಬೇಡ ಅನ್ನಿಸಿದರೂ ಮುಗೀತು. ‘ನಿನ್ನ ಸಾಮಾನು ನೀನು ಇಟ್ಟುಕೋ’ ಅಂದುಬಿಟ್ಟರೆ ವಿಚ್ಛೇದನ ಆದಂತೆ. ಹೇಳುವುದು ಸುಲಭ, ಆಮೇಲಿನ ಲೆಕ್ಕ ಸುಲಭ ಅಲ್ಲ. ಯಾಕೆಂದರೆ ಇಲ್ಲೂ ಬಳುವಳಿ ವಾಪಸ್ ಹೋಗಬೇಕು.

ಈ ವಿಷಯದಲ್ಲಿ ರೋಮಿನ ಹೆಸರಾಂತ ಮಾತುಗಾರ, ರಾಜಕಾರಣಿ ಸಿಸೆರೋ ಪಟ್ಟ ಪಾಡು ಓದಿದರೆ ಅಯ್ಯೋ ಅನ್ನಿಸುತ್ತದೆ, ನಗುವೂ ಬರುತ್ತದೆ. ಅವನು ದೂರದ ಸಿಲಿಸಿಯಾ ಪ್ರಾಂತ್ಯದಲ್ಲಿ ಅಧಿಕಾರಿಯಾಗಿದ್ದಾಗ ಹೆಂಡತಿ ಟೆರೆನ್ಶಿಯಾ ಮತ್ತು ಮಗಳು ಟುಲ್ಲಿಯಾ ಇಬ್ಬರೇ ಸೇರಿ ಡೊಲಬೆಲ್ಲಾ ಎಂಬ ಹುಡುಗನನ್ನು ಗೊತ್ತು ಮಾಡಿಬಿಟ್ಟರು. ಟುಲ್ಲಿಯಾಗೆ ಅದು ಮೂರನೆಯ ಮದುವೆ. ಬಳುವಳಿಯನ್ನು ಮೂರು ಕಂತಿನಲ್ಲಿ ಕಟ್ಟಬೇಕು. ಅಳಿಯನೋ ಮೈತುಂಬ ಸಾಲ ಮಾಡಿಕೊಂಡವನು. ಕ್ರಿ.ಪೂ. 47ರಲ್ಲಿ ಟ್ರಿಬ್ಯೂನ್ ಎಂಬ ಜನಪ್ರತಿನಿಧಿಯ ಹುದ್ದೆಗೆ ಬಂದು ಎಲ್ಲರ ಸಾಲವನ್ನೂ ಮನ್ನಾ ಮಾಡುವ ಮಸೂದೆ ತಂದ! ಮದುವೆ ನಿಲ್ಲುವುದಿಲ್ಲ ಅಂತ ಮಾವನಿಗೆ ಗೊತ್ತು. ಕೊನೆಯ ಕಂತು ಕಟ್ಟಬೇಕೋ ಬಿಡಬೇಕೋ ಅಂತ ಗೆಳೆಯ ಆಟಿಕಸ್‌ಗೆ ಕಾಗದದ ಮೇಲೆ ಕಾಗದ ಬರೆಯುತ್ತಾನೆ. ಮರುವರ್ಷ ಟುಲ್ಲಿಯಾ ಮದುವೆ ಮುರಿಯಿತು. ಸಿಸೆರೋ ತಾನೂ ಸುಮಾರು 30 ವರ್ಷ ಬಾಳಿದ ಟೆರೆನ್ಶಿಯಾಳನ್ನು ಬಿಟ್ಟ. ಈಗ ಅವಳ ಬಳುವಳಿ ತೀರಿಸಬೇಕು. 60ನೆಯ ವಯಸ್ಸಿನಲ್ಲಿ ಪುಬ್ಲಿಲಿಯಾ ಎಂಬ ಶ್ರೀಮಂತರ ಮನೆಯ ಚಿಕ್ಕ ಹುಡುಗಿಯನ್ನು ಮದುವೆಯಾದ. ಸಾಲ ತೀರಿಸಲು ಅಂತಲೇ ಆದ ಅಂತ ಆ ಕಾಲದಲ್ಲೇ ಮಾತಿತ್ತು. ಕ್ರಿ.ಪೂ. 45ರಲ್ಲಿ ಟುಲ್ಲಿಯಾ ತೀರಿಕೊಂಡಳು. ಮಗಳು ಸತ್ತದ್ದಕ್ಕೆ ಈ ಹೊಸ ಹೆಂಡತಿ ಒಳಗೊಳಗೇ ಖುಷಿಪಟ್ಟಳು ಅಂತ ಸಿಸೆರೋಗೆ ಅನ್ನಿಸಿತು. ಅವಳನ್ನೂ ಕಳಿಸಿದ. ಮತ್ತೊಂದು ಬಳುವಳಿಯ ಬಾಕಿ ತಲೆಗೆ ಬಂತು. ಮರುವರ್ಷ ಡೊಲಬೆಲ್ಲಾ ಕಾನ್ಸುಲ್ ಆದ, ಅಂದರೆ ರೋಮಿನ ಅತಿ ಮೇಲಿನ ಅಧಿಕಾರಿ. ಆಗಲೂ ಸಿಸೆರೋ ಹಳೆಯ ಅಳಿಯನಿಂದ ಬರಬೇಕಾದ ಹಣಕ್ಕಾಗಿ ಕಾಯುತ್ತಲೇ ಇದ್ದ.

ಎಲ್ಲ ಗಂಡಂದಿರೂ ಹೀಗೇ ಅಂತಲ್ಲ. ಅದೇ ಕಾಲದ ಒಂದು ಕಲ್ಲಿನ ಶಾಸನ ರೋಮಿನಲ್ಲಿ ಸಿಕ್ಕಿದೆ, ಚೂರುಚೂರಾಗಿ. ಹೆಂಡತಿ ಸತ್ತಾಗ ಗಂಡ ಆಡಿದ ಮಾತನ್ನು ಅದರಲ್ಲಿ ಕೆತ್ತಿದ್ದಾರೆ. 41 ವರ್ಷದ ಸಂಸಾರ. ಅವನು ತಲೆಮರೆಸಿಕೊಂಡಿದ್ದಾಗ ಅವಳು ಮೈಮೇಲಿನ ಚಿನ್ನ, ಮುತ್ತು ಬಿಚ್ಚಿ ಕಳಿಸಿದ್ದಳು. ಮಕ್ಕಳಾಗಲಿಲ್ಲ. ಆಗ ಅವಳೇ ಬಂದು, ನಾನು ದೂರ ಸರಿಯುತ್ತೇನೆ, ನೀವು ಬೇರೆ ಮದುವೆಯಾಗಿ, ಹುಡುಗಿಯನ್ನೂ ನಾನೇ ಹುಡುಕುತ್ತೇನೆ, ನನ್ನ ಆಸ್ತಿ ನಿಮ್ಮ ಹತ್ತಿರವೇ ಇರಲಿ ಅಂದಳಂತೆ. ಕೇಳಿ ತನಗೆ ತಲೆಕೆಟ್ಟಂತಾಯಿತು ಅಂತ ಆತ ಹೇಳುತ್ತಾನೆ. ಅವನ ಹೆಸರು ಇರುವ ಭಾಗ ಒಡೆದುಹೋಗಿದೆ. ಸಿಸೆರೋನ ಕಾಗದಗಳಿಗಿಂತ ಈ ಹೆಸರಿಲ್ಲದವನ ಮಾತು ನನಗೆ ಜಾಸ್ತಿ ಇಷ್ಟ.

ಅಗಸ್ಟಸ್ ಚಕ್ರವರ್ತಿ ಜನ ಮದುವೆಯಾಗಲಿ, ಮಕ್ಕಳು ಹೆಚ್ಚಲಿ ಅಂತ ಕಾನೂನನ್ನೇ ತಂದ. ಕ್ರಿ.ಶ. 9ರಲ್ಲಿ ಬಂದ ಎರಡನೆಯ ಕಾನೂನಿಗೆ ಪಾಪಿಯಸ್ ಮತ್ತು ಪೊಪ್ಪೇಯಸ್ ಎಂಬ ಇಬ್ಬರು ಕಾನ್ಸುಲರ ಹೆಸರಿದೆ. ಇಬ್ಬರೂ ಬ್ರಹ್ಮಚಾರಿಗಳು!

ಈಗ ಯಹೂದಿಗಳ ಕಡೆಗೆ ಹೋಗೋಣ. ಇವರಲ್ಲಿ ಗಂಡನ ಬಾಕಿ ಮದುವೆ ದಿನವೇ ಬರವಣಿಗೆಗೆ ಬರುತ್ತದೆ. ಆ ಕರಾರಿಗೆ ಕೆತುಬಾ ಅನ್ನುತ್ತಾರೆ. ನಾನು ಸತ್ತರೆ ಅಥವಾ ನಿನ್ನನ್ನು ಬಿಟ್ಟರೆ ಇಷ್ಟು ಬೆಳ್ಳಿ ನಿನಗೆ ಸೇರಬೇಕು ಅಂತ ಗಂಡ ಬರೆದುಕೊಡುತ್ತಾನೆ. ಕ್ರಿ.ಶ. 200ರ ಸುಮಾರಿಗೆ ಸಂಪಾದನೆಯಾದ ಮಿಶ್ನಾ ಎಂಬ ಧರ್ಮಶಾಸ್ತ್ರದ ಪ್ರಕಾರ ಮೊದಲ ಮದುವೆಯ ಹುಡುಗಿಗೆ 200 ಜೂಜ್, ವಿಧವೆಗೆ 100. ಜೂಜ್ ಅಂದರೆ ಒಂದು ಬೆಳ್ಳಿ ನಾಣ್ಯ. ಇದು ಬರೀ ಹಣದ ಮಾತಲ್ಲ. ಗಂಡ ಹೆಂಡತಿಯ ಜೊತೆ ಕಳೆಯಬೇಕಾದ ರಾತ್ರಿಗಳಿಗೂ ಅಲ್ಲಿ ಲೆಕ್ಕ ಇದೆ, ಅದೂ ಕಸುಬು ನೋಡಿಕೊಂಡು. ಕೆಲಸ ಇಲ್ಲದವನು ದಿನಾ. ಕೂಲಿಯವನು ವಾರಕ್ಕೆ ಎರಡು ಸಲ. ಕತ್ತೆ ಹೊಡೆಯುವವನು ವಾರಕ್ಕೊಮ್ಮೆ, ಒಂಟೆ ಹೊಡೆಯುವವನು ತಿಂಗಳಿಗೊಮ್ಮೆ. ಹಡಗಿನವನಿಗೆ ಆರು ತಿಂಗಳು ವಿನಾಯಿತಿ. ಇದನ್ನು ಬರೆದವರು ಸಂಸಾರ ಕಂಡವರೇ, ಅನುಮಾನ ಇಲ್ಲ. ಹಾಗಂತ ಹೊಗಳುವುದಕ್ಕೂ ಮಿತಿ ಬೇಕು. ಹೆಂಡತಿಯನ್ನು ಬಿಡುವ ಹಕ್ಕು ಗಂಡನ ಕೈಯಲ್ಲೇ ಇತ್ತು. ಅಡುಗೆ ಸೀದರೂ ಬಿಡಬಹುದು ಅಂತ ಹಿಲ್ಲೆಲ್ ಎಂಬ ಧರ್ಮಗುರುವಿನ ಪಂಥದವರ ವಾದ. ನಡತೆ ಕೆಟ್ಟಿದ್ದರೆ ಮಾತ್ರ ಅಂತ ಶಮ್ಮಾಯ್ ಎಂಬ ಇನ್ನೊಬ್ಬ ಗುರುವಿನ ಪಂಥದವರದು.

ಶಾಸ್ತ್ರ ಹೀಗೆ. ಊರಿನಲ್ಲಿ ಏನು ನಡೆಯುತ್ತಿತ್ತು ಅನ್ನುವುದಕ್ಕೆ ನಮ್ಮ ಬಳಿ ಒಬ್ಬ ಹೆಂಗಸಿನ ಕಾಗದಗಳಿವೆ. 1961ರಲ್ಲಿ ಯಿಗಾಯೆಲ್ ಯಾದಿನ್ ಎಂಬ ಪುರಾತತ್ವಜ್ಞರ ತಂಡ ಮೃತ ಸಮುದ್ರದ ಪಶ್ಚಿಮದ ಕಣಿವೆಯ ಗುಹೆಯೊಂದರಲ್ಲಿ ಹುಡುಕುತ್ತಿತ್ತು. ಬಂಡೆಯ ಸಂದಿಯಲ್ಲಿ ಒಂದು ತೊಗಲಿನ ಚೀಲ ಸಿಕ್ಕಿತು. ಅದರೊಳಗೆ ಜೋಡಿಸಿ ಕಟ್ಟಿದ 35 ಪಪೈರಸ್ ಪತ್ರಗಳು. ಕೆಲವು ಅರಾಮಿಕ್ ಭಾಷೆಯವು, ಕೆಲವು ನೆರೆಯ ನಬಾತಿಯನ್ ಜನರ ಬರಹದವು, ಹೆಚ್ಚಿನವು ಗ್ರೀಕ್. ಒಡತಿಯ ಹೆಸರು ಬಾಬಥಾ. ಮೃತ ಸಮುದ್ರದ ದಕ್ಷಿಣಕ್ಕಿರುವ ಮಾವೋಜಾ ಊರಿನವಳು, ಖರ್ಜೂರದ ತೋಟದ ಮಾಲಕಿ. ಓದು ಬರಹ ಗೊತ್ತಿಲ್ಲ. ಆದರೆ ಒಂದು ಚೀಟಿಯನ್ನೂ ಕಳೆದುಕೊಂಡವಳಲ್ಲ.

ಮೊದಲ ಗಂಡ ಸತ್ತ. ಒಬ್ಬ ಮಗ ಇದ್ದ. ಮಗುವಿನ ಹಣ ನೋಡಿಕೊಳ್ಳಲು ನೇಮಕವಾದ ಇಬ್ಬರು ತಿಂಗಳಿಗೆ 2 ದಿನಾರಿ, ಅಂದರೆ ರೋಮಿನ ಎರಡು ಬೆಳ್ಳಿ ನಾಣ್ಯ, ಕೊಡುತ್ತಿದ್ದರು. ಸಾಲದು, ಆ ಹಣ ನನ್ನ ಕೈಗೆ ಕೊಡಿ, ನನ್ನ ಆಸ್ತಿ ಅಡವಿಡುತ್ತೇನೆ, ನೀವು ಕೊಡುವುದರ ಮೂರರಷ್ಟು ಬಡ್ಡಿ ಕೊಡುತ್ತೇನೆ ಅಂತ ಇವಳು ರೋಮನ್ ಗವರ್ನರ್ ತನಕ ಹೋದಳು. ಆಮೇಲೆ ಎನ್‌ಗೆದಿ ಊರಿನ ಯೆಹುದಾ ಎಂಬವನನ್ನು ಮದುವೆಯಾದಳು. ಅವನೇ ತನ್ನ ಕೈಯಲ್ಲಿ ಕೆತುಬಾ ಬರೆದುಕೊಟ್ಟ. 400 ಜೂಜ್. ಶಾಸ್ತ್ರ ವಿಧವೆಗೆ ಹೇಳಿದ್ದರ ನಾಲ್ಕರಷ್ಟು. ಅವನಿಗೆ ಮಿರಿಯಮ್ ಎಂಬ ಇನ್ನೊಬ್ಬ ಹೆಂಡತಿ, ಶೆಲಾಮ್‌ಜಿಯೋನ್ ಎಂಬ ಮಗಳು ಇದ್ದರು.

ಕ್ರಿ.ಶ. 128ರ ಫೆಬ್ರವರಿ 21ರ ಪತ್ರ ನೋಡಿ. ಯೆಹುದಾ ಬಾಬಥಾಳಿಂದ 300 ದಿನಾರಿ ಪಡೆದಿದ್ದಾನೆ. ಕೇಳಿದಾಗ ಕೊಡದಿದ್ದರೆ ಎರಡರಷ್ಟು ಕೊಡಬೇಕು ಅಂತ ಷರತ್ತು. ಗಂಡ ಹೆಂಡತಿ ನಡುವೆ! ಆರು ವಾರ ಕಳೆದು ಏಪ್ರಿಲ್ 5ಕ್ಕೆ ಮಗಳ ಮದುವೆ. ಇವಳ ದುಡ್ಡು ಸವತಿಯ ಮಗಳ ಮದುವೆಗೇ ಹೋಯಿತು ಅಂತ ನನ್ನ ಊಹೆ. ಮಗಳ ಕರಾರು ಗ್ರೀಕ್ ಭಾಷೆಯಲ್ಲಿದೆ. 200 ದಿನಾರಿ ಬೆಲೆಯ ಒಡವೆ ವಸ್ತು ತವರಿಂದ, ಮೇಲೆ 300 ವರ ಸೇರಿಸಿ ಒಟ್ಟು 500. ಹೆಂಡತಿಗೂ ಹುಟ್ಟುವ ಮಕ್ಕಳಿಗೂ ಗ್ರೀಕರ ಪದ್ಧತಿಯಂತೆ ಅನ್ನ ಬಟ್ಟೆ ಕೊಡುತ್ತೇನೆ, ಈಗ ಇರುವ, ಮುಂದೆ ಬರುವ ಆಸ್ತಿಯೆಲ್ಲ ಇದಕ್ಕೆ ಹೊಣೆ ಅಂತ ಅವನು ಒಪ್ಪಿದ್ದಾನೆ. ವಧು ಯಹೂದಿ, ವರ ಯಹೂದಿ, ಪದ್ಧತಿ ಗ್ರೀಕರದು, ಕೋರ್ಟು ರೋಮಿನದು. ಗಟ್ಟಿಯಾಗಿ ವಸೂಲಾಗುವ ಪತ್ರ ಯಾವುದೋ ಅದನ್ನೇ ಜನ ಬರೆಸಿಕೊಳ್ಳುತ್ತಿದ್ದರು, ಅಷ್ಟೇ.

ಎರಡು ವರ್ಷದಲ್ಲಿ ಯೆಹುದಾ ಸತ್ತ. ಬಾಬಥಾ ಅಳುತ್ತಾ ಕೂರಲಿಲ್ಲ. ಗಂಡನ ಖರ್ಜೂರದ ತೋಟ ಹಿಡಿದುಕೊಂಡಳು. 130ರ ಸೆಪ್ಟೆಂಬರಿನಲ್ಲಿ ಫಸಲು ಮಾರಿದಳು. ನನ್ನ ಬಳುವಳಿಗೂ ಸಾಲಕ್ಕೂ ಬದಲಾಗಿ ನಾನು ಹಿಡಿದಿರುವ ತೋಟ ಅಂತ ಮಾರಾಟದ ಪತ್ರದಲ್ಲೇ ಬರೆಸಿದಳು. ಮರುವರ್ಷ ಜುಲೈನಲ್ಲಿ ಸವತಿಗೆ ಸಮನ್ಸು. ‘ನನ್ನ ಮತ್ತು ನಿನ್ನ ತೀರಿಹೋದ ಗಂಡ’ನ ಮನೆಯಲ್ಲಿ ಇದ್ದದ್ದೆಲ್ಲ ನೀನು ದೋಚಿದ್ದೀಯ, ಗವರ್ನರ್ ಮುಂದೆ ಬಾ. ಮಿರಿಯಮ್ ಏನು ಕಡಿಮೆಯೇ? ಅವನ ಆಸ್ತಿಯ ಹತ್ತಿರ ಸುಳಿಯಬೇಡ ಅಂತ ನಾನು ಮೊದಲೇ ನಿನಗೆ ನೋಟಿಸು ಕೊಟ್ಟಿದ್ದೆನಲ್ಲ ಅಂದಳು. ಅದರ ಮರುವರ್ಷ, 132ರಲ್ಲಿ, ರೋಮಿನ ವಿರುದ್ಧ ಬಾರ್ ಕೊಖ್ಬಾ ಎಂಬ ನಾಯಕನ ಕೆಳಗೆ ಯಹೂದಿಗಳ ದಂಗೆ ಎದ್ದಿತು. ಚೀಲದ ಕೊನೆಯ ಪತ್ರ ಆ ವರ್ಷದ್ದೇ.

ಕ್ರೈಸ್ತರು ಹುಟ್ಟಿದ್ದು ಇದೇ ಜಗತ್ತಿನಲ್ಲಿ, ಇಂಥದೇ ಮನೆಗಳಲ್ಲಿ. ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಗಂಡ ಹೆಂಡತಿಗೆ ಸಲ್ಲಬೇಕಾದ್ದನ್ನು ಸಲ್ಲಿಸಲಿ ಅನ್ನುತ್ತಾನೆ. ಇದು ಕತ್ತೆ ಹೊಡೆಯುವವನ ಲೆಕ್ಕದ ಮಾತೇ. ಮುಂದಿನ ಸಾಲು ಮಾತ್ರ ಬೇರೆ. ಹೆಂಡತಿಯ ಮೈ ಮೇಲೆ ಅಧಿಕಾರ ಗಂಡನದು, ಗಂಡನ ಮೈ ಮೇಲೆ ಅಧಿಕಾರ ಹೆಂಡತಿಯದು. ಗಂಡನ ಹೊರಗಿನ ಸಂಬಂಧಗಳನ್ನು ಯಾರೂ ಲೆಕ್ಕಕ್ಕೆ ಇಡದ ಊರಿನಲ್ಲಿ ಈ ಮಾತು ಕೇಳಿ ಎಷ್ಟು ಗಂಡಸರ ಹುಬ್ಬು ಏರಿರಬಹುದು! ಎಫೆಸದವರಿಗೆ ಬರೆದ ಪತ್ರದಲ್ಲಿ ಹೆಂಡತಿ ಗಂಡನಿಗೆ ಅಧೀನಳಾಗಿರಲಿ ಅಂತಲೇ ಇದೆ, ಗಂಡ ಅವಳನ್ನು ತನ್ನ ದೇಹದ ಹಾಗೆ ಪ್ರೀತಿಸಲಿ ಅಂತಲೂ ಇದೆ. ಪ್ರೀತಿಯನ್ನು ಯಾವ ಕರಾರಿನಲ್ಲೂ ವಸೂಲಿ ಮಾಡಲು ಬರುವುದಿಲ್ಲ ಅಲ್ವಾ?

ಕ್ರೈಸ್ತ ಚಕ್ರವರ್ತಿಗಳು ಬಂದ ಮೇಲೆ ವಿಷಯ ಬಿಗಿಯಾಯಿತು. 331ರಲ್ಲಿ ಕಾನ್‌ಸ್ಟಂಟೈನ್ ಒಂದು ಕಾನೂನು ಮಾಡಿದ. ಗಂಡ ಕುಡುಕ, ಜೂಜುಕೋರ, ಹೆಣ್ಣಿನ ಚಟದವನು ಅಂತ ಹೆಂಡತಿ ಬಿಡುವ ಹಾಗಿಲ್ಲ. ಕೊಲೆಗಾರ, ವಿಷ ಹಾಕುವವನು, ಗೋರಿ ಒಡೆಯುವವನು ಆಗಿದ್ದರೆ ಮಾತ್ರ ಸರಿ. ಬೇರೆ ಕಾರಣಕ್ಕೆ ಬಿಟ್ಟರೆ ತಲೆಯ ಪಿನ್ನು ಸಹಿತ ಎಲ್ಲ ಗಂಡನ ಮನೆಯಲ್ಲೇ ಬಿಟ್ಟು ದ್ವೀಪಕ್ಕೆ ಗಡಿಪಾರಾಗಬೇಕು. ಗಂಡನಿಗೆ ಶಿಕ್ಷೆ ಹಗುರ, ಆದರೆ ವಿಚಿತ್ರ. ಕಾರಣ ಇಲ್ಲದೆ ಬಿಟ್ಟರೆ ಬಳುವಳಿ ತಿರುಗಿ ಕೊಡಬೇಕು, ಮತ್ತೆ ಮದುವೆ ಆಗಬಾರದು. ಆದನೋ, ಮೊದಲ ಹೆಂಡತಿ ಅವನ ಮನೆಗೆ ನುಗ್ಗಿ ಎರಡನೆಯವಳ ಬಳುವಳಿ ಎತ್ತಿಕೊಂಡು ಹೋಗಬಹುದು! ಆ ಎರಡನೆಯವಳು ಪಾಪ ಏನು ತಪ್ಪು ಮಾಡಿದ್ದಳೋ, ಕಾನೂನು ಹೇಳುವುದಿಲ್ಲ.

ಇಬ್ಬರೂ ಒಪ್ಪಿ ಬೇರೆಯಾಗುವ ರೋಮನ್ನರ ಹಳೆಯ ದಾರಿ ಮಾತ್ರ ಉಳಿದಿತ್ತು. 542ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಅದನ್ನೂ ಮುಚ್ಚಿದ. ಸನ್ಯಾಸದಂಥ ವ್ರತಕ್ಕೆ ಮಾತ್ರ ಬಿಟ್ಟ. ಅವನು ತೀರಿಕೊಂಡ ಮರುವರ್ಷ, 566ರಲ್ಲಿ, ಸೋದರಳಿಯ ಎರಡನೆಯ ಜಸ್ಟಿನ್ ಆ ಬಾಗಿಲು ಮತ್ತೆ ತೆಗೆದ. ಕಾರಣವನ್ನು ಕಾನೂನಿನಲ್ಲೇ ಬರೆದಿದ್ದಾನೆ. ದ್ವೇಷ ಹತ್ತಿದ ಗಂಡ ಹೆಂಡತಿಯರು ಬೇರೆ ದಾರಿ ಕಾಣದೆ ಒಬ್ಬರ ಮೇಲೊಬ್ಬರು ಸಂಚು ಹೂಡುತ್ತಿದ್ದಾರೆ, ವಿಷ ಹಾಕುವ ತನಕ ಹೋಗಿದೆ, ಅರ್ಜಿಗಳು ಬಂದು ಬೀಳುತ್ತಿವೆ ಅಂತ.

ನಮಸ್ಕಾರ.