ಸೀಟಿ ಇಲ್ಲದ ಗೋಲು: ನಾಕನೇ ನಂಬರಿನ ಬೆಂಗಳೂರು ಐಎಸ್‌ಎಲ್ ಫೈನಲ್‌ಗೆ ಹೆಂಗ ಬಂತು?

ನಮಸ್ಕಾರ್ರಿ ಎಲ್ಲಾರಿಗೂ, ಹುಬ್ಬಳ್ಳಿಯಿಂದ.

ಧಾರವಾಡದವ್ರೊಬ್ರು ಐಎಸ್‌ಎಲ್, ಅಂದ್ರ ನಮ್ಮ ದೇಶದ ಫುಟ್‌ಬಾಲ್ ಲೀಗು ಇಂಡಿಯನ್ ಸೂಪರ್ ಲೀಗಿನ ಮ್ಯಾಲೆ ಒಂದು ಪ್ರಶ್ನೆ ಕಳಸ್ಯಾರ. ಅವ್ರ ಮಾತಿನ್ಯಾಗ ಹೇಳ್ತೀನಿ, ಕೇಳ್ರಿ: "ಸರ, 2022-23ರ ಐಎಸ್‌ಎಲ್‌ನಾಗ ಮುಂಬೈ ಮೊದಲನೇ ನಂಬರ್ ಬಂತು. ಫೈನಲ್ ಆಡಿದ್ದು ಮೂರನೇ ನಂಬರ್ ಮತ್ತ ನಾಕನೇ ನಂಬರ್. ವರ್ಷಪೂರ್ತಿ ದುಡದಾಂವ ಮನಿಗೆ, ಹಿಂದ ಉಳದಾಂವ ಮೆರವಣಿಗಿಗೆ. ಇದೆಂಥಾ ಲೆಕ್ಕರಿ?"

ಸಿಟ್ಟು ಖರೇ ಐತಿ. ಆದ್ರ ಲೆಕ್ಕ ಮೊದ್ಲ ನೋಡೂಣು.

[ಪರದೆ ಮ್ಯಾಲೆ: ಅಂಕಪಟ್ಟಿ, ಮ್ಯಾಲಿನ ಆರು ತಂಡ]

ಹನ್ನೊಂದು ತಂಡ, ಒಬ್ಬೊಬ್ರಿಗೂ 20 ಮ್ಯಾಚ್. ಮುಂಬೈ ಸಿಟಿ 46 ಪಾಯಿಂಟ್. ಹೈದರಾಬಾದ್ 42. ಆಮ್ಯಾಲೆ ದೊಡ್ಡದೊಂದು ಅಂತರ. ಎಟಿಕೆ ಮೋಹನ್ ಬಗಾನ್ 34, ಬೆಂಗಳೂರು ಎಫ್‌ಸಿ 34, ಕೇರಳ ಬ್ಲಾಸ್ಟರ್ಸ್ 31, ಒಡಿಶಾ 30. ಅಂದ್ರ ಫೈನಲ್ ಆಡಿದ ಎರಡೂ ತಂಡ ಮುಂಬೈಗಿಂತ 12 ಪಾಯಿಂಟ್ ಹಿಂದ. ನಾಕು ಮ್ಯಾಚ್ ಗೆದ್ದಷ್ಟು ಹಿಂದ.

ಮೊದಲನೇ ನಂಬರಿನವ್ರಿಗೆ ಆಗ ಸಿಗತಿದ್ದದ್ದು ಶೀಲ್ಡ್. ಟ್ರೋಫಿ ಬ್ಯಾರೆ, ಅದಕ್ಕ ಪ್ಲೇಆಫ್ ಆಡಬೇಕಿತ್ತು. ಆ ಸೀಸನ್ನಿಂದನ ಹೊಸಾ ಪದ್ಧತಿ ಬಂತು: ಮೊದ್ಲ ನಾಕ ತಂಡ ಅಷ್ಟ ಮುಂದ ಹೋಗ್ತಿದ್ವು, ಆಗ ಆರು ಆದ್ವು. ಮೊದಲನೆಯವ್ರು, ಎರಡನೆಯವ್ರು ಸೀದಾ ಸೆಮಿಫೈನಲ್. ಮೂರನೆಯವ್ರಿಗೆ ಆರನೆಯವ್ರು, ನಾಕನೆಯವ್ರಿಗೆ ಐದನೆಯವ್ರು. ಒಂದ ಮ್ಯಾಚು, ಸೋತ್ರ ಗಂಟುಮೂಟಿ ಕಟ್ಟೋದು. ಇಷ್ಟ ಗೊತ್ತಿದ್ರ ಸಾಕು, ಉಳಿದ ನಿಯಮ ಯಾರಿಗೂ ಬ್ಯಾಡ.

ನಮ್ಮ ಕಡೆ ಮಂದಿಗೆ ಐಪಿಎಲ್ ರೂಢಿ. ಅಲ್ಲೆ ಮೊದಲ ಎರಡು ಸ್ಥಾನದವ್ರು ಒಮ್ಮೆ ಸೋತ್ರೂ ಇನ್ನೊಂದು ಅವಕಾಶ ಇರ್ತೈತಿ. ಐಎಸ್‌ಎಲ್‌ನಾಗ ಆಗ ಅಂಥಾ ದಯಾ-ದಾಕ್ಷಿಣ್ಯ ಇರ್ಲಿಲ್ಲ. ಶೀಲ್ಡ್ ಗೆದ್ದಾಂವ ಎರಡು ಮ್ಯಾಚಿನ ಸೆಮಿಫೈನಲ್‌ನಾಗ ಒಂದು ಕೆಟ್ಟ ರಾತ್ರಿ ಕಂಡ್ರ ಮುಗೀತಿತ್ತು. ಹಂಗಾಗೇ 2014ರಿಂದ 2024-25ರ ತನಕ 11 ಸೀಸನ್ ಆಗ್ಯಾವು, ಪಟ್ಟಿಯ ಮೊದಲನೇ ತಂಡಾನ ಫೈನಲ್ ಸೈತ ಗೆದ್ದದ್ದು ಮೂರ ಸಲ. 2018-19ರಾಗ ಬೆಂಗಳೂರು, 2020-21ರಾಗ ಮುಂಬೈ, 2024-25ರಾಗ ಮೋಹನ್ ಬಗಾನ್. ಉಳಿದ ಎಂಟೂ ಸಲ ಮೊದಲನೆಯಾಂವ ಬಾಯಿ ಬಾಯಿ ಬಿಟ್ಟಾನ. ಪ್ರಶ್ನೆ ಕೇಳಿದವ್ರ, ಇದು 2022-23ರ ಅಪಘಾತ ಅಲ್ಲ. ಈ ಲೀಗಿನ ಸ್ವಭಾವಾನ ಹಿಂಗ ಇತ್ತು.

ಈಗ ಬೆಂಗಳೂರಿಗೆ ಬರೂಣು.

ಮೊದ್ಲಿನ 12 ಮ್ಯಾಚಿನ್ಯಾಗ ಬೆಂಗಳೂರು ಗೆದ್ದದ್ದು ಮೂರು, ಸೋತದ್ದು ಎಂಟು, ಡ್ರಾ ಒಂದು. ಹತ್ತು ಪಾಯಿಂಟ್. ಹಿಂದಿನ ಸೆಪ್ಟೆಂಬರ್‌ನಾಗ ಡ್ಯುರಾಂಡ್ ಕಪ್ ಅನ್ನೋ ಇನ್ನೊಂದು ಟೂರ್ನಿ ಗೆದ್ದು ಬಂದ ತಂಡರಿ ಇದು, ಫೈನಲ್‌ನಾಗ ಇದೇ ಮುಂಬೈಗೆ 2-1 ಸೋಲಿಸಿ. ಕೋಚ್ ಸೈಮನ್ ಗ್ರೇಸನ್. ಭಾರತ ತಂಡದ ನಾಯಕ, 38 ವರ್ಷದ ಸುನಿಲ್ ಛೆತ್ರಿಯನ್ನ ಬೆಂಚಿನ ಮ್ಯಾಲೆ ಕೂಡಿಸಿ, ಶಿವಶಕ್ತಿ ನಾರಾಯಣನ್ ಅನ್ನೋ ಸಣ್ಣ ವಯಸ್ಸಿನ ಹುಡುಗನ್ನ ರಾಯ್ ಕೃಷ್ಣನ ಜೋಡಿ ಮುಂದ ಬಿಟ್ಟ. ಛೆತ್ರಿಯನ್ನ ಕೂಡಸೋದಂದ್ರ ಸಣ್ಣ ಧೈರ್ಯ ಅಲ್ಲ ಅದು.

ಆಮ್ಯಾಲೆ ಏನಾತು? ಉಳಿದ ಎಂಟೂ ಮ್ಯಾಚ್ ಗೆದ್ರು. ಸಾಲಾಗಿ ಎಂಟು. ಅದರಾಗ ಅಲ್ಲಿ ತನಕ ಲೀಗ್‌ನಾಗ ಸೋಲ ಕಾಣದ ಮುಂಬೈಗೆ 2-1 ಬಡಿದದ್ದು ಸೈತ ಐತಿ. 10 ಪಾಯಿಂಟ್ ಇದ್ದದ್ದು 34 ಆತು, ನಾಕನೇ ಸ್ಥಾನ, ಕಂಠೀರವದಾಗ ಮನಿ ಮ್ಯಾಚು. ಎದುರಿಗೆ ಕೇರಳ ಬ್ಲಾಸ್ಟರ್ಸ್.

ಇಲ್ಲೆ ಸ್ವಲ್ಪ ನಿಂದ್ರೂಣ್ರಿ. ಈ ವಿಡಿಯೋ ಮಾಡಿದ್ದ ಇದರ ಸಲುವಾಗಿ, ಸುಳ್ಳ್ಯಾಕ ಹೇಳ್ಲಿ.

[ಪರದೆ ಮ್ಯಾಲೆ: 3 ಮಾರ್ಚ್ 2023, ಕಂಠೀರವ ಸ್ಟೇಡಿಯಂ. ಮೈದಾನದ ಚಿತ್ರ ಬಿಡಿಸಿ ತೋರಿಸೋದು]

ತೊಂಬತ್ತು ನಿಮಿಷ ಮುಗದಾವು, ಸೊನ್ನಿ-ಸೊನ್ನಿ. ಹೆಚ್ಚಿನ ಸಮಯ ಶುರು ಆಗೈತಿ. 96ನೇ ನಿಮಿಷ. ಬೆಂಗಳೂರಿಗೆ ಪೆನಾಲ್ಟಿ ಬಾಕ್ಸಿನ ಹೊರಗ ಫ್ರೀ ಕಿಕ್. ಕೇರಳದ ಹುಡುಗ್ರು ಚೆಂಡಿಗೆ ಅಡ್ಡ ಸಾಲಾಗಿ ನಿಂತು ಗ್ವಾಡಿ ಕಟ್ಟಾಕ ಹೊಂಟಾರ, ಗೋಲಿ, ಅಂದ್ರ ಗೋಲ್‌ಕೀಪರ್, ಗಿಲ್ ಇನ್ನೂ ತಯಾರಾಗಿಲ್ಲ. ಛೆತ್ರಿ ಬಂದ, ಚೆಂಡು ಹಗುರಕ್ಕ ಎತ್ತಿದ, ಬಲಿ ಒಳಗ ಬಿತ್ತು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಅಂದ್ರು. ಕೇರಳದವ್ರು: "ಸೀಟಿ ಎಲ್ಲೆ?"

ಕೋಚ್ ಇವಾನ್ ವುಕೊಮನೊವಿಚ್ ತಂಡಾನ ಮೈದಾನದಿಂದ ಹೊರಗ ಕರಕೊಂಡು ಹೋದ. ಪೂರಾ ತಂಡ! ಬೆಂಗಳೂರಿನವ್ರು ಮೈದಾನದಾಗ ನಿಂತಾರ, ಎದುರಿಗೆ ಆಡಾಕ ಯಾರೂ ಇಲ್ಲ. ಕಾದ್ರು, ಕಾದ್ರು, ಕಡೀಕ ಬೆಂಗಳೂರು 1-0 ಗೆದ್ದೈತಿ ಅಂತ ಸಾರಿದ್ರು.

ಹಂಗಾರ ಸೀಟಿ ಬೇಕೋ ಬ್ಯಾಡೋ? ಇದನ್ನ ಹುಬ್ಬಳ್ಳಿ-ಧಾರವಾಡದ ಮಂದಿಗೆ ತಿಳಿಸೋದು ಭಾಳ ಸರಳ. ನೀವು ದಿನಾ ನೋಡೋದ ಐತಿ.

ನಮ್ಮ ಎರಡೂ ಊರಿನ ನಡುವ ಎರಡು ನಮೂನಿ ಬಸ್ಸು ಓಡ್ತಾವು. ಒಂದು, ಹಳೇ ಸಾದಾ ಬಸ್ಸು. ಅದರಾಗ ಕಂಡಕ್ಟರ್ ಇರ್ತಾನ. ಮಂದಿ ಹತ್ತಬೇಕು, ಇಳಿಬೇಕು, ಚೀಲ ಏರಿಸಬೇಕು, ಆಮ್ಯಾಲೆ ಆತ ಸೀಟಿ ಊದಬೇಕು, ಆಗ ಗಾಡಿ ಬಿಡೋದು. ಇನ್ನೊಂದು, ಚಿಗರಿ. ಅದರಾಗ ಕಂಡಕ್ಟರೂ ಇಲ್ಲ, ಸೀಟಿನೂ ಇಲ್ಲ. ಬಾಗಲಾ ತೆರೀತು, ಬಾಗಲಾ ಮುಚ್ಚಿತು, ಹೋತು. ನೀವು ನಿಲ್ದಾಣದಾಗ ನಿಂತು "ಇನ್ನೂ ಸೀಟಿ ಊದಿಲ್ಲಲ್ಲೋ ಮಾರಾಯಾ" ಅಂದ್ರ ಚಿಗರಿ ನವನಗರ ದಾಟಿರ್ತೈತಿ.

ಫ್ರೀ ಕಿಕ್ ಸುದ್ದಾ ಎರಡು ನಮೂನಿ. ಎದುರಿನ ತಂಡದವ್ರು 9.15 ಮೀಟರ್ ದೂರ ಸರೀಬೇಕು ಅಂತ ಕಿಕ್ ಹೊಡೆಯವ್ರು ಕೇಳಿದ್ರ, ರೆಫರಿ ಗ್ವಾಡಿ ಹಿಂದ ಸರಿಸ್ತಾನ, ಎಲ್ಲಾ ಸರಿ ಮಾಡಿ ಸೀಟಿ ಊದ್ತಾನ. ಇದು ಸಾದಾ ಬಸ್ಸು. "ನಮಗ ದೂರ-ಗೀರ ಏನೂ ಬ್ಯಾಡ, ಹೊಡದ ಬಿಡ್ತೀವಿ" ಅಂದ್ರ ಸೀಟಿ ಬೇಕಾಗಿಲ್ಲ, ಚೆಂಡು ನಿಂತಿದ್ರ ಸಾಕು. ಇದು ಚಿಗರಿ. ಛೆತ್ರಿ ಮ್ಯಾಚಿನ ಮ್ಯಾಲೆ ಹೇಳಿದ್ದೂ ಅದನ್ನ: ಸೀಟಿ ಬ್ಯಾಡ, ಗ್ವಾಡಿ ಬ್ಯಾಡ ಅಂತ ತಾನು ರೆಫರಿಗೆ ಮೊದಲ ತಿಳಿಸಿದ್ದೆ, ಕೇರಳದ ನಾಯಕ ಲೂನಾಗ ಸೈತ ಅದು ಕೇಳಿಸಿತ್ತು ಅಂತ.

ಕೇರಳದವ್ರ ವಾದಾನೂ ಪೊಳ್ಳ ಅಲ್ರಿ. ರೆಫರಿ ಒಮ್ಮೆ ಮಂದೀನ ಹಿಂದ ಸರಿಸಾಕ ಕೈ ಹಾಕಿದ್ರ ಅದು ಸಾದಾ ಬಸ್ಸಾತು, ಆಮ್ಯಾಲೆ ಸೀಟಿ ಊದಲೇಬೇಕು. ಅದು ಯಾವ ಬಸ್ಸು ಅನ್ನೋದ ಜಗಳ. ಆಗ ಐಎಸ್‌ಎಲ್‌ನಾಗ ವಿಎಆರ್, ಅಂದ್ರ ವಿಡಿಯೋ ರೆಫರಿ, ಇರ್ಲಿಲ್ಲ, ಹಿಂದ ತಿರುಗಿಸಿ ನೋಡಿ ತೀರ್ಮಾನ ಮಾಡೋ ದಾರೀನೂ ಇರ್ಲಿಲ್ಲ.

ನನ್ನ ಕೇಳಿದ್ರ? ಗೋಲು ಖರೇ, ಆದ್ರ ಅದರಷ್ಟ ಖರೇ ಇನ್ನೊಂದು ಮಾತೈತಿ. 96ನೇ ನಿಮಿಷದಾಗ ಗೋಲು ಬಿದ್ದೈತಿ, ಇನ್ನೂ 24 ನಿಮಿಷ ಬಾಕಿ ಅದಾವು. ಒಂದು ಗೋಲು ಹೊಡದ್ರ ಸರಿಸಮ. ಅದನ್ನ ಬಿಟ್ಟು ಹೊರಗ ನಡದ್ರು. ಸಿಟ್ಟು ಬರ್ಲಿ, ಬೈರಿ, ಆದ್ರ ಮೈದಾನ ಬಿಡಬ್ಯಾಡ್ರಿ. ಅದಕ್ಕ ಬಿದ್ದ ದಂಡ ನೋಡ್ರಿ: ಕ್ಲಬ್ಬಿಗೆ 4 ಕೋಟಿ ರೂಪಾಯಿ, ಕೋಚಿಗೆ 10 ಮ್ಯಾಚಿನ ನಿಷೇಧ. ಮ್ಯಾಚ್ ಮತ್ತ ಆಡಸ್ರಿ ಅಂತ ಕೇಳಿದ್ರು, ಅದನ್ನೂ ಒಪ್ಪಲಿಲ್ಲ.

[ಕಡಿತ. ಗಡಿಯಾರದ ಚಿತ್ರ]

ನಮ್ಮ ಎಡಿಟರ್ ಕ್ಯಾಮೆರಾ ಹಿಂದಿಂದ ಕೈ ಮಾಡಾಕತ್ತಾನ. ಆತನ ಪ್ರಕಾರ ಅರ್ಧಾ ವಿಡಿಯೋ ಬಸ್ಸಿನ್ಯಾಗ ಹೋತು. ಹಂಗಾರ ಇನ್ನ ಮ್ಯಾಲೆ ಚಿಗರಿ ಸ್ಪೀಡ್.

ಸೆಮಿಫೈನಲ್, ಬೆಂಗಳೂರಿಗೆ ಮುಂಬೈ. ಮೊದ್ಲಿನ ಮ್ಯಾಚ್ ಮುಂಬೈದಾಗ, ಛೆತ್ರಿ ತಲಿಯಿಂದ ಗೋಲು ಹೊಡದ, ಬೆಂಗಳೂರು 1-0. ಎರಡನೇದು ಕಂಠೀರವದಾಗ. ಬೆಂಗಳೂರಿನ ಹಾವಿ ಹೆರ್ನಾಂಡೆಸ್ ಒಂದು ಹೊಡದ, ಮುಂಬೈದ ಬಿಪಿನ್ ಸಿಂಗ್ ಒಂದು, ಮೆಹ್ತಾಬ್ ಸಿಂಗ್ ಒಂದು. ಎರಡೂ ಮ್ಯಾಚ್ ಕೂಡಿಸಿದ್ರ 2-2. ಪೆನಾಲ್ಟಿ ಶುರು ಆತು, ಒಬ್ರೂ ತಪ್ಪವಲ್ರು. ಎರಡೂ ಕಡೆ ಎಂಟೆಂಟು ಹೊಡದ್ರು, ಎಂಟೆಂಟೂ ಗೋಲು. ಒಂಬತ್ತನೇದು ಹೊಡೆಯಾಕ ಬಂದಾಂವ ಅದೇ ಮೆಹ್ತಾಬ್. ಬೆಂಗಳೂರಿನ ಗೋಲಿ ಗುರುಪ್ರೀತ್ ತಡದು ಹಾಕಿದ. ಬೆಂಗಳೂರಿನ ಸಂದೇಶ್ ಝಿಂಗನ್ ಬಂದು ಒಳಗ ಹಾಕಿದ. 9-8. 46 ಪಾಯಿಂಟಿನ ಮುಂಬೈ ಮನಿಗೆ ಹೋದದ್ದು ಹಿಂಗ, ಒಂದ ಒಂದು ಪೆನಾಲ್ಟಿಯಿಂದ.

ಇನ್ನ ಆ ಕಡೆ ಎಟಿಕೆ ಮೋಹನ್ ಬಗಾನ್. ಕೋಚ್ ಹುವಾನ್ ಫೆರಾಂಡೊ. ಮೊದ್ಲ ಒಡಿಶಾಕ್ಕ 2-0 ಸೋಲಿಸಿದ್ರು. ಸೆಮಿಫೈನಲ್‌ನಾಗ ಹಿಂದಿನ ವರ್ಷದ ಚಾಂಪಿಯನ್ ಹೈದರಾಬಾದ್. ಮೊದ್ಲಿನ ಮ್ಯಾಚ್ 0-0. ಎರಡನೇದು ಹೆಚ್ಚಿನ ಸಮಯ ಸೇರಿ ಮತ್ತ 0-0. ಪೆನಾಲ್ಟಿಯೊಳಗ 4-3, ಬಗಾನ್ ಗೋಲಿ ವಿಶಾಲ್ ಕೈಥ್ ಒಂದು ತಡದ, ಪ್ರೀತಂ ಕೊಟಾಲ್ ಕಡೀದು ಹೊಡದ. ಈ ತಂಡದ್ದು ಏನೂ ಚಂದ ಇರ್ಲಿಲ್ರಿ. ನೋಡಾಕ ಕುಂತ್ರ ಆಕಳಿಕಿ ಬರೋ ಆಟ. ಆದ್ರ ಒಂದು ಕಲಿತಿದ್ರು, ಸೋಲಬಾರದು ಅಂತ.

ಫೈನಲ್, 18 ಮಾರ್ಚ್ 2023, ಗೋವಾದ ಮಡಗಾಂವ್, ಫತೋರ್ಡಾ ಸ್ಟೇಡಿಯಂ. ಇಲ್ಲೆ ಒಂದು ಮಾತು ಹೇಳ್ದ ಬಿಡಾಂಗಿಲ್ಲ: ಬೆಂಗಳೂರಿನ ಫೈನಲ್ ಬೆಂಗಳೂರಿನವ್ರಿಗಿಂತ ನಮಗ ಹತ್ರ ಇತ್ತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗೋ ಹಾದಿಯ ಅರ್ಧಾನೂ ಇಲ್ಲ ಮಡಗಾಂವ್. ಲೋಂಡಾ, ಕ್ಯಾಸಲ್‌ರಾಕ್, ದೂಧಸಾಗರ, ಇಳದ್ರ ಗೋವಾ. ಅಷ್ಟ ಅಲ್ಲ, ಕೋಲ್ಕತಾ ಕಡಿಂದ ಗೋವಾಕ್ಕ ಹೋಗೋ ಅಮರಾವತಿ ಎಕ್ಸ್‌ಪ್ರೆಸ್ ನಮ್ಮ ಹುಬ್ಬಳ್ಳಿ ಪ್ಲಾಟ್‌ಫಾರ್ಮಿಗೆ ಬಂದ ಹೋಗ್ತೈತಿ. ಬಗಾನ್ ಅಭಿಮಾನಿಗೆ ಸೈತ ದಾರಿ ನಮ್ಮೂರ ಮ್ಯಾಲೇನ.

ಮ್ಯಾಚ್ ಶುರು ಆತೋ ಇಲ್ಲೋ ಶಿವಶಕ್ತಿಗೆ ಪೆಟ್ಟಾತು, ಬೆಂಚಿನ ಮ್ಯಾಲಿದ್ದ ಛೆತ್ರಿ ಒಳಗ ಬಂದ. 14ನೇ ನಿಮಿಷಕ್ಕ ರಾಯ್ ಕೃಷ್ಣನ ಕೈಗೆ ಚೆಂಡು ಬಡೀತು, ಬಗಾನ್‌ಗೆ ಪೆನಾಲ್ಟಿ, ದಿಮಿತ್ರಿ ಪೆಟ್ರಾಟೊಸ್ ಹಾಕಿದ. ಅರ್ಧಾ ಆಟ ಮುಗಿಯೂ ಹೊತ್ತಿಗೆ ಅದೇ ಕೃಷ್ಣನ್ನ ಕೆಡವಿದ್ರು, ಪೆನಾಲ್ಟಿ, ಛೆತ್ರಿ ಹಾಕಿದ. 78ಕ್ಕ ಕಾರ್ನರ್ ಬಂತು, ಮತ್ತ ಕೃಷ್ಣ, ಈ ಸಲ ತಲಿಯಿಂದ ಗೋಲು. ಈ ಕೃಷ್ಣ ಯಾರು? ಹಿಂದ ಬಗಾನ್ ಸಲುವಾಗಿ ಗೋಲು ಹೊಡದಾಂವನ. ಒಂದ ರಾತ್ರಿಯೊಳಗ ಪೆನಾಲ್ಟಿ ಕೊಟ್ಟಾನ, ತಂದಾನ, ಗೋಲೂ ಹೊಡದಾನ.

ಇನ್ನೇನು ಕಪ್ ಬೆಂಗಳೂರಿಗೆ ಅನ್ನೂದ್ರಾಗ 85ನೇ ನಿಮಿಷ. ಪಾಬ್ಲೊ ಪೆರೆಸ್ ಬಗಾನ್‌ದ ಕಿಯಾನ್ ನಾಸಿರಿಯನ್ನ ಕೆಡವಿದ. ಗೆರಿ ಒಳಗೋ, ಹೊರಗೋ? ರೆಫರಿ ಒಳಗ ಅಂದ್ರು. ಪೆಟ್ರಾಟೊಸ್, 2-2. ಶೂಟೌಟ್‌ನಾಗ ಕೈಥ್ ಬ್ರೂನೊ ರಾಮಿರೆಸ್‌ನ ಚೆಂಡು ತಡದ, ಪೆರೆಸ್ ಹೊಡದದ್ದು ಗೋಲಿನ ಮ್ಯಾಲೆ ಹಾರಿ ಹೋತು. 4-3. ಬಗಾನ್ ಚಾಂಪಿಯನ್.

ಈಗ ಆ ಚಾಂಪಿಯನ್ನನ ಕಡೀ ಮೂರು ಮ್ಯಾಚ್ ಕೂಡಸ್ರಿ. 90, 120, 120. ಒಟ್ಟು 330 ನಿಮಿಷ. ಅದರಾಗ ಗೋಲು ಎರಡು, ಎರಡೂ ಪೆನಾಲ್ಟಿ. ಆಡ್ತಾ ಆಡ್ತಾ ಹೊಡದ ಗೋಲು? ಒಂದೂ ಇಲ್ಲ! ಒಂದೂ ಇಲ್ದ ಟ್ರೋಫಿ ಎತ್ತಿದ್ರು. ನಂಗ ಇದು ಛೆತ್ರಿ ಫ್ರೀ ಕಿಕ್ಕಿಗಿಂತ ದೊಡ್ಡ ಅಚ್ಚರಿ ಅನಸ್ತೈತಿ, ಆದ್ರ ಯಾರೂ ಮಾತಾಡಂಗಿಲ್ಲ.

ಉಳಿದದ್ದು ಒಂದ ಉಸುರಿನ್ಯಾಗ. ಫೈನಲ್ ಸೋತ ಮ್ಯಾಲೆ ಬೆಂಗಳೂರು ಕ್ಲಬ್ಬಿನ ಮಾಲೀಕರು ಲೀಗಿಗೆ ವಿಎಆರ್ ತರ್ರಿ ಅಂತ ಟ್ವೀಟ್ ಮಾಡಿದ್ರು. ಕೇರಳದವ್ರು ಅದನ್ನ ಓದಿ ಎಷ್ಟು ನಕ್ಕಿರಬೇಕು ನೀವ ಹೇಳ್ರಿ. ಅದೇ ರಾತ್ರಿ ಬಗಾನ್ ಮಾಲೀಕರು ಹೆಸರಿನ ಮುಂದಿನ ಎಟಿಕೆ ತಗೀತೀವಿ, ಇನ್ನ ಮ್ಯಾಲೆ ಮೋಹನ್ ಬಗಾನ್ ಸೂಪರ್ ಜೈಂಟ್ ಅಂದ್ರು. ಹಳೇ ಅಭಿಮಾನಿಗಳು ಟ್ರೋಫಿಗಿಂತ ಅದಕ್ಕ ಹೆಚ್ಚು ಕುಣಿದ್ರೂ ಕುಣಿದಿರಬೇಕು.

ಮುಂಬೈ ಏನಾತು ಅಂತ ಕೇಳ್ತೀರಿ. ಮರುವರ್ಷ ಶೀಲ್ಡ್ ಮೋಹನ್ ಬಗಾನ್‌ಗೆ ಬಂತು. ಫೈನಲ್ ಕೋಲ್ಕತಾದ ಸಾಲ್ಟ್ ಲೇಕ್‌ನಾಗ, 2024ರ ಮೇ 4ಕ್ಕ, ಬಗಾನ್‌ನ ಸ್ವಂತ ಮನ್ಯಾಗ. ಮುಂಬೈ 3-1 ಗೆದ್ದು ಟ್ರೋಫಿ ಎತ್ತಕೊಂಡು ಹೋತು, ಈ ಸಲ ಅವ್ರು ಎರಡನೇ ನಂಬರ್.