ರಕ್ತ ಎಲ್ಲಿಗೆ ಹೋಯಿತು?

ಊಟ ಮುಗಿದ ಕೂಡಲೇ ಕಾಫಿ ಕೊಡಬೇಡಿ ಎಂದು ಸಂಘದವರಿಗೆ ನಿನ್ನೆಯೇ ಫೋನ್ ಮಾಡಿ ಹೇಳಿದ್ದೆ. ಅದಕ್ಕಾಗಿ ನಿಮ್ಮಲ್ಲಿ ಅರ್ಧ ಮಂದಿ ಮನಸ್ಸಿನಲ್ಲೇ ನನ್ನನ್ನು ಬೈಯುತ್ತಿದ್ದೀರಿ ಎಂಬುದು ಮುಖ ನೋಡಿದರೇ ತಿಳಿಯುತ್ತದೆ. ಕಾಫಿ ಬರುತ್ತದೆ, ಗಾಬರಿ ಬೇಡ. ಗಡಿಯಾರ ನೋಡಿಕೊಂಡು ನಾನೇ ಬಿಡುತ್ತೇನೆ.

ನೀವೆಲ್ಲ ಶಿಕ್ಷಕಿಯರು. ವಾರಕ್ಕೊಮ್ಮೆ ಹೈಸ್ಕೂಲು ಮಕ್ಕಳಿಗೆ ಕಬ್ಬಿಣದ ನೀಲಿ ಮಾತ್ರೆ ಹಂಚುವವರು. ಆ ಮಾತ್ರೆಯ ಪಾಡು ಏನಾಗುತ್ತದೆ ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ನಮ್ಮ ತಾಲ್ಲೂಕಿನ ಶಾಲೆಗಳಲ್ಲಿ ಕಿಟಕಿಯ ಕೆಳಗಿನ ಕ್ರೋಟನ್ ಗಿಡಗಳಿಗೆ ಮಾತ್ರ ಕಬ್ಬಿಣದ ಕೊರತೆ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ನಾಲ್ಕನೇ ಸುತ್ತಿನಲ್ಲಿ ಶೇ 44.8 ಇತ್ತು. ಈ ದೇಶದಲ್ಲಿ ಕಬ್ಬಿಣದ ಮಾತ್ರೆ ಹಂಚುವ ಕಾರ್ಯಕ್ರಮ ಶುರುವಾದದ್ದು 1970ರಲ್ಲಿ. ಅರ್ಧ ಶತಮಾನ ಮಾತ್ರೆ ಹಂಚಿದ್ದೇವೆ, ಅಂಕಿ ಮೇಲಕ್ಕೆ ಹೋಗಿದೆ. ಯಾಕೆ?

ನನ್ನ ಉತ್ತರವನ್ನು ಒಂದು ಕಥೆಯಲ್ಲಿ ಹೇಳುತ್ತೇನೆ. ಗಣಿತದ ಮೇಡಂ ಒಬ್ಬರು ನನ್ನ ಹತ್ತಿರ ಬಂದಿದ್ದರು. ಬಂದದ್ದು ಮಂಡಿನೋವಿಗೆ. ಮಾತಾಡುತ್ತಾ ಬ್ಯಾಗಿನಿಂದ ಕರವಸ್ತ್ರ ತೆಗೆಯುವಾಗ ಜೊತೆಗೆ ಒಂದು ಬಳಪದ ಪೆಟ್ಟಿಗೆ ಕೆಳಗೆ ಬಿತ್ತು. ಮೇಡಂ, ಈಗ ಯಾವ ಶಾಲೆಯಲ್ಲಿ ಸ್ಲೇಟು ಇದೆ ಎಂದು ಕೇಳಿದೆ. ಅವರ ಮುಖ ಇಷ್ಟಾಯಿತು. ದಿನಕ್ಕೆ ಎಂಟು ಹತ್ತು ಬಳಪ ತಿನ್ನುತ್ತಿದ್ದರು. ಗಂಡನಿಗೆ ತಿಳಿಯದಂತೆ, ಮಕ್ಕಳಿಗೆ ತಿಳಿಯದಂತೆ, ರಾತ್ರಿ ಅಡುಗೆಮನೆಯಲ್ಲಿ ನಿಂತು. ನಾಚಿಕೆಯಿಂದ ಅಳುವುದಕ್ಕೇ ಶುರು ಮಾಡಿದರು. ನಗಬೇಡಿ, ಇಲ್ಲಿಯೂ ಯಾರದಾದರೂ ಬ್ಯಾಗಿನಲ್ಲಿ ಇರಬಹುದು. ಬಳಪ, ಹಸಿ ಅಕ್ಕಿ, ಕೆಮ್ಮಣ್ಣು, ಐಸ್ ತುಂಡು ಇವುಗಳ ಮೇಲೆ ತಡೆಯಲಾಗದ ಆಸೆ ಹುಟ್ಟಿದರೆ ಅದನ್ನು ಚಪಲ ಎಂದು ಬೈದುಕೊಳ್ಳುವ ಮೊದಲು ಕಬ್ಬಿಣ ಪರೀಕ್ಷೆ ಮಾಡಿಸಬೇಕು.

ಹಿಮೋಗ್ಲೋಬಿನ್ 6.8 ಬಂತು. ಇರಬೇಕಾದದ್ದು ಕನಿಷ್ಠ 12. ಅದಕ್ಕೂ ಮೊದಲು ಮೂರು ಕಡೆ ತೋರಿಸಿದ್ದರಂತೆ. ಮೂರು ಕಡೆಯೂ ಕಣ್ಣಿನ ರೆಪ್ಪೆ ಕೆಳಕ್ಕೆಳೆದು ನೋಡಿ, ರಕ್ತ ಕಡಿಮೆ ಇದೆ ಎಂದು ಹೇಳಿ ಟಾನಿಕ್ ಬರೆದುಕೊಟ್ಟಿದ್ದರು. ಒಬ್ಬರೂ ಕೇಳದ ಪ್ರಶ್ನೆ ಒಂದೇ: ಇದ್ದ ರಕ್ತ ಎಲ್ಲಿಗೆ ಹೋಯಿತು? ನಾನು ಕೇಳಿದೆ. ಮುಟ್ಟು ಎಷ್ಟು ದಿನ? ಹತ್ತು ದಿನ. ಎಷ್ಟು ವರ್ಷದಿಂದ? ಐದು. ಯಾಕೆ ಹೇಳಲಿಲ್ಲ? "ಅದು ಎಲ್ಲರಿಗೂ ಇರುವುದೇ ಅಲ್ಲವೇ ಡಾಕ್ಟರೇ?"

ಗಣಿತದವರಲ್ಲವೇ, ಕಾಗದ ಕೊಟ್ಟು ಲೆಕ್ಕ ಮಾಡಿ ಎಂದೆ. ನೀವೂ ಮಾಡಿ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ. ಸಾಮಾನ್ಯ ಮುಟ್ಟಿನಲ್ಲಿ ಹೋಗುವುದು 30-40 ಮಿಲಿಲೀಟರ್. 80 ದಾಟಿದರೆ ಅತಿಸ್ರಾವ. ಚರ್ಮ, ಕರುಳಿನಿಂದ ಉದುರುವ ಜೀವಕೋಶಗಳ ಜೊತೆ ಎಲ್ಲರಿಂದಲೂ ದಿನಕ್ಕೆ ಒಂದು ಮಿಲಿಗ್ರಾಂ ಹತ್ತಿರ ಹೋಗುತ್ತದೆ. ನಮ್ಮ ಅನ್ನ, ಮುದ್ದೆಯ ಊಟದಲ್ಲಿರುವ ಕಬ್ಬಿಣದಲ್ಲಿ ಹತ್ತರಲ್ಲೊಂದು ಪಾಲೂ ಒಳಗೆ ದಕ್ಕುವುದು ಕಷ್ಟ. ಅವರು ಲೆಕ್ಕ ಮುಗಿಸಿ ಪೆನ್ನು ಕೆಳಗಿಟ್ಟು, "ಇದು ತಿಂಗಳಾ ತಿಂಗಳಾ ಸಾಲ" ಎಂದರು. ಸ್ಕ್ಯಾನ್ ಮಾಡಿಸಿದಾಗ ಗರ್ಭಕೋಶದಲ್ಲಿ ಗೆಡ್ಡೆ ಇತ್ತು. ಅದಕ್ಕೆ ಚಿಕಿತ್ಸೆಯಾಯಿತು, ಕಬ್ಬಿಣವೂ ಕೊಟ್ಟೆವು. ಬಳಪದ ಆಸೆ ಹಿಮೋಗ್ಲೋಬಿನ್ ಏರುವುದಕ್ಕೂ ಮೊದಲೇ, ಎರಡು ವಾರದೊಳಗೆ, ಮಾಯವಾಯಿತು. ಉಳಿದ ಪೆಟ್ಟಿಗೆಯನ್ನು ನನಗೇ ತಂದುಕೊಟ್ಟರು. ಇನ್ನೂ ನನ್ನ ಮೇಜಿನ ಮೇಲಿದೆ.

ರಕ್ತ ಕಡಿಮೆ ಎಂಬುದು ರೋಗದ ಹೆಸರಲ್ಲ ಎಂದು ನಾನು ಮೂವತ್ತು ವರ್ಷದಿಂದ ಬಡಿದುಕೊಳ್ಳುತ್ತಿರುವುದು ಇದಕ್ಕೇ. ಮನೆಯ ಪೆಟ್ಟಿಗೆಯಲ್ಲಿ ದುಡ್ಡು ಕಡಿಮೆಯಾದರೆ ಸುಮ್ಮನೆ ಇನ್ನಷ್ಟು ತಂದು ಹಾಕುತ್ತೀರಾ? ಯಾರು ತೆಗೆದರು ಎಂದು ಕೇಳುವುದಿಲ್ಲವೇ? ಬರಿಗಾಲಲ್ಲಿ ತೋಟದಲ್ಲಿ ಓಡಾಡುವವರ ಕರುಳಿನಲ್ಲಿ ಕೊಕ್ಕೆಹುಳು ಇರಬಹುದು. ಮೂಲವ್ಯಾಧಿ ಇರಬಹುದು. ಮಂಡಿನೋವಿಗೆಂದು ವರ್ಷಗಟ್ಟಲೆ ನುಂಗಿದ ಮಾತ್ರೆಯಿಂದ ಹೊಟ್ಟೆಯಲ್ಲಿ ಹುಣ್ಣಾಗಿರಬಹುದು. ಇನ್ನು ಅರುವತ್ತು ದಾಟಿದ ಗಂಡಸಿಗೆ ರಕ್ತ ಕಡಿಮೆ ಎಂದರೆ, ದಯವಿಟ್ಟು ಖರ್ಜೂರ ತಿನ್ನಿಸುತ್ತಾ ಕೂರಬೇಡಿ. ಕರುಳಿನ ಕ್ಯಾನ್ಸರ್ ಮೊದಲು ಕಾಣಿಸಿಕೊಳ್ಳುವುದು ಎಷ್ಟೋ ಸಲ ಹೀಗೆಯೇ.

ಬೀಟ್‌ರೂಟ್ ತಿಂದರೆ ರಕ್ತ ಹೆಚ್ಚುತ್ತದೆಯೇ ಎಂಬ ಪ್ರಶ್ನೆ ಚೀಟಿಯಲ್ಲಿ ಬಂದಿದೆ. ಪ್ರತಿ ಸಭೆಯಲ್ಲೂ ಬರುತ್ತದೆ. ಕೆಂಪಗಿರುವುದೆಲ್ಲ ರಕ್ತವಾಗುವುದಾದರೆ ಕುಂಕುಮಕ್ಕಿಂತ ಒಳ್ಳೆಯ ಔಷಧ ಬೇರೆ ಇರುತ್ತಿರಲಿಲ್ಲ. ಬೀಟ್‌ರೂಟ್ ತಿನ್ನಿ, ಪಲ್ಯ ಚೆನ್ನಾಗಿರುತ್ತದೆ. ಕಬ್ಬಿಣ ಮಾತ್ರ ನೂರು ಗ್ರಾಮಿನಲ್ಲಿ ಒಂದು ಮಿಲಿಗ್ರಾಮೂ ಇಲ್ಲ. ರಾಗಿಯಲ್ಲಿ ಅದರ ನಾಲ್ಕೈದು ಪಟ್ಟು ಇದೆ. ಆದರೆ ರಾಗಿಯಲ್ಲೇ ಇರುವ ಫೈಟೇಟ್ ಎಂಬ ವಸ್ತು ಅದನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಹಿಡಿತ ಸಡಿಲಿಸಲು ಮೊಳಕೆ ಕಟ್ಟಬೇಕು, ಜೊತೆಗೆ ನಿಂಬೆಹುಳಿಯೋ ನೆಲ್ಲಿಕಾಯಿಯೋ ಇರಬೇಕು. ಸೊಪ್ಪಿನ ಸಾರಿಗೂ ಇದೇ ಮಾತು. ಅದನ್ನೆಲ್ಲ ಮಾಡಿ ಕೊನೆಗೆ ಒಂದು ಲೋಟ ಕಾಫಿ ಸುರಿದುಕೊಂಡರೆ? 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಊಟದ ಜೊತೆ ಕುಡಿದ ಕಾಫಿ ಕಬ್ಬಿಣದ ಹೀರುವಿಕೆಯನ್ನು ಶೇ 39ರಷ್ಟು ತಗ್ಗಿಸಿತು, ಚಹಾ ಶೇ 64ರಷ್ಟು. ಒಂದು ಗಂಟೆ ಬಿಟ್ಟು ಕುಡಿದರೂ ಕಾಫಿಯ ಕಾಟ ತಪ್ಪಿರಲಿಲ್ಲ. ಅದಕ್ಕೇ ಡ್ರಮ್ಮು ಹೊರಗಿದೆ.

ಆ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದ ಪಕ್ಕದಲ್ಲಿ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಎಂಬ ವಿಟಮಿನ್ ಇದೆ. ಅದು ಅಲ್ಲಿಗೆ ಹೇಗೆ ಬಂತು? ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಮುಂಬಯಿಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಗಳ ಬಡ ಬಸುರಿಯರು ವಿಚಿತ್ರ ರಕ್ತಹೀನತೆಯಿಂದ ಸಾಯುತ್ತಿದ್ದರು. ಆಕೆ ಎಲ್ಲಕ್ಕಿಂತ ಮೊದಲು ಆ ಹೆಂಗಸರು ಏನು ತಿನ್ನುತ್ತಾರೆ ಎಂದು ನೋಡಿದರು. ನೋಡಿ, ನನ್ನ ಪ್ರಶ್ನೆಯ ಅಕ್ಕನೇ ಇದು! ಅದೇ ಬಗೆಯ ಆಹಾರವನ್ನು ಇಲಿಗಳಿಗೆ ಕೊಟ್ಟರು, ಕೋತಿಗಳಿಗೆ ಕೊಟ್ಟರು. ಕೊನೆಗೆ ಕೆಲಸ ಮಾಡಿದ್ದು ಮಾರ್ಮೈಟ್, ಅಂದರೆ ಬಿಯರ್ ತಯಾರಿಸಿದ ಮೇಲೆ ಉಳಿಯುವ ಯೀಸ್ಟಿನ ಸಾರ. ಬ್ರೆಡ್ಡಿಗೆ ಹಚ್ಚಿ ತಿನ್ನುವ ಆ ಕಪ್ಪು ಅಂಟಿನಿಂದ ಬಸುರಿಯರು ಎದ್ದು ಕೂತರು. 1931ರಲ್ಲಿ ಅದನ್ನು ಪ್ರಕಟಿಸಿದಾಗ ಅದರೊಳಗಿನ ವಸ್ತು ಏನೆಂದು ಯಾರಿಗೂ ತಿಳಿದಿರಲಿಲ್ಲ. ವಿಲ್ಸ್ ಅಂಶ ಎಂದು ಕರೆದರು. ಹತ್ತು ವರ್ಷದ ನಂತರ ಪಾಲಕ್ ಜಾತಿಯ ಸೊಪ್ಪಿನಿಂದ ಅದನ್ನು ಬೇರ್ಪಡಿಸಿ, ಎಲೆ ಎಂಬ ಲ್ಯಾಟಿನ್ ಪದದಿಂದ ಫೋಲಿಕ್ ಎಂದರು. ಅದನ್ನು ಕೃತಕವಾಗಿ ತಯಾರಿಸಿದ ಅಮೆರಿಕದ ಪ್ರಯೋಗಾಲಯದ ಮುಖ್ಯಸ್ಥರು ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಇದನ್ನು ಇನ್ನೂ ಅರ್ಧ ಗಂಟೆ ಹೇಳಬಲ್ಲೆ, ಆದರೆ ಅಧ್ಯಕ್ಷರು ಕೈಗಡಿಯಾರ ಮುಟ್ಟಿಕೊಂಡರು.

ಹಾಗಾದರೆ ಬೇಗ ಬೇಗ. ಬಿ12 ವಿಟಮಿನ್. ರಕ್ತ ತಯಾರಾಗಲು ಇದೂ ಬೇಕು. ಇದು ಗಿಡದಲ್ಲಿ ಸಿಗುವುದಿಲ್ಲ. ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿ ಮಾತ್ರ. ನೀರುಮಜ್ಜಿಗೆಯನ್ನೇ ಹಾಲಿನ ಲೆಕ್ಕಕ್ಕೆ ಹಾಕುವ ಸಸ್ಯಾಹಾರಿಗಳೇ, ಅಂಗಾಲಿನಲ್ಲಿ ಜುಮ್ಮೆನ್ನುತ್ತಿದ್ದರೆ, ಕತ್ತಲೆಯಲ್ಲಿ ನಡಿಗೆ ತೂರಾಡಿದರೆ ಪರೀಕ್ಷೆ ಮಾಡಿಸಿಕೊಳ್ಳಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರೂ ಅಷ್ಟೇ. ಇಲ್ಲಿ ಒಂದು ಬಲೆ ಇದೆ. ಬಿ12 ಕೊರತೆ ಇರುವವರು ಬರೀ ಫೋಲಿಕ್ ಆಮ್ಲವನ್ನೇ ಹೆಚ್ಚಾಗಿ ನುಂಗಿದರೆ ರಕ್ತದ ವರದಿ ಚೆಂದವಾಗುತ್ತದೆ, ನರ ಒಳಗೊಳಗೇ ಕೆಡುತ್ತಲೇ ಇರುತ್ತದೆ. ಡಿ ವಿಟಮಿನ್ ಬಗ್ಗೆ ಇನ್ನೊಮ್ಮೆ ಕರೆಯಿರಿ, ಬರುತ್ತೇನೆ.

ಕಬ್ಬಿಣದ ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತದೆ, ಹೆದರಬೇಡಿ. ಕ್ಯಾಲ್ಸಿಯಂ ಮಾತ್ರೆಯ ಜೊತೆ ಬೇಡ, ಒಂದು ಬೆಳಿಗ್ಗೆ, ಇನ್ನೊಂದು ರಾತ್ರಿ. ವಾಕರಿಕೆ ಬರುವವರು ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ: ಒಂದು ಮಾತ್ರೆ ನುಂಗಿದರೆ ಹೆಪ್ಸಿಡಿನ್ ಎಂಬ ಹಾರ್ಮೋನು ಒಂದು ದಿನ ಬಾಗಿಲು ಹಾಕಿಕೊಂಡು ಮರುದಿನದ ಮಾತ್ರೆಯನ್ನು ಒಳಗೆ ಬಿಡುವುದು ಕಡಿಮೆ ಎಂದು ಸ್ವಿಟ್ಜರ್ಲೆಂಡಿನಲ್ಲಿ ಕಂಡುಕೊಂಡಿದ್ದಾರೆ. ಬಸುರಿಯರು ಮಾತ್ರ ತಾವಾಗಿ ಏನನ್ನೂ ಬದಲಿಸಬೇಡಿ. ಹಿಮೋಗ್ಲೋಬಿನ್ 12 ಆಯಿತೆಂದು ಅಂದೇ ನಿಲ್ಲಿಸುವುದೂ ತಪ್ಪು, ದೇಹದೊಳಗಿನ ಕಬ್ಬಿಣದ ಕಣಜ ತುಂಬಲು ಇನ್ನೂ ಮೂರು ತಿಂಗಳು ಬೇಕು. ಕಣಜ ತುಂಬಿದೆಯೇ ಎಂದು ಹೇಳುವುದು ಫೆರಿಟಿನ್ ಪರೀಕ್ಷೆ.

ಹಿಂದಿನ ಸಾಲಿನವರು ಏನೋ ಕೇಳುತ್ತಿದ್ದಾರೆ. ಮಕ್ಕಳು ಮಾತ್ರೆ ಎಸೆಯುವುದನ್ನು ತಪ್ಪಿಸುವುದು ಹೇಗೆ ಎಂದೇ? ನಾನು ಕಂಡ ಒಬ್ಬ ಹಿಂದಿ ಮೇಡಂ ತರಗತಿಯಲ್ಲಿ ಮೊದಲ ಮಾತ್ರೆಯನ್ನು ಮಕ್ಕಳ ಎದುರಿಗೆ ತಾವೇ ನುಂಗುತ್ತಿದ್ದರು. ಆ ಶಾಲೆಯ ಕ್ರೋಟನ್ ಗಿಡ ಸ್ವಲ್ಪ ಬಡಕಲಾಗಿತ್ತು.

ಊಟ ಮುಗಿದದ್ದು ಒಂದೂವರೆಗೆ. ಈಗ ಮೂರು ಮುಕ್ಕಾಲು. ಹೋಗಿ, ಕಾಫಿ ಕುಡಿಯಿರಿ.