ನೂರು ಜೋಡಿ ಮಂತ್ರ ಸರಿ, ಕಾರ್ಡು ಎಲ್ಲಿ ಸ್ವಾಮಿ?

ಕ್ಯಾಸಲ್‌ವೇನಿಯಾ ವಿಡಿಯೋ ಗೇಮ್ ಸರಣಿಯ 'ಸರ್ಕಲ್ ಆಫ್ ದ ಮೂನ್' ಗೇಮ್ ಬಾಯ್ ಅಡ್ವಾನ್ಸ್‌ಗೆ ಬಂದಿದ್ದು 2001ರಲ್ಲಿ. ಇವತ್ತಿಗೂ ಜನ ಅದರ ಮಾತೆತ್ತಿದರೆ ಡಿಎಸ್‌ಎಸ್‌ಗೋಸ್ಕರವೇ ಎತ್ತೋದು, ಅಂದ್ರೆ ಎರಡು ಕಾರ್ಡು ಜೋಡಿಸಿ ಮಂತ್ರ ಹಾಕೋ ವ್ಯವಸ್ಥೆ. 10 ಆಕ್ಷನ್ ಕಾರ್ಡು, 10 ಆಟ್ರಿಬ್ಯೂಟ್ ಕಾರ್ಡು. ಆ ಸಾಲಿಂದ ಒಂದು, ಈ ಸಾಲಿಂದ ಒಂದು ಆರಿಸಿ ಎಲ್ ಬಟನ್ ಒತ್ತಿ, ಮಂತ್ರ ಶುರು. ಲೆಕ್ಕಕ್ಕೆ 100 ಜೋಡಿ. ಜೋಡಿಗಳ ಮೇಲೆ ನಂದೇನೂ ತಕರಾರಿಲ್ಲ. ತಕರಾರಿರೋದು ಕಾರ್ಡು ಕೈಗೆ ಬರೋ ರೀತಿ ಮೇಲೆ.

ಆಕ್ಷನ್ ಕಾರ್ಡು ಕ್ರಿಯಾಪದ, ಆಟ್ರಿಬ್ಯೂಟ್ ಅದಕ್ಕೆ ವಿಶೇಷಣ ಅಂದ್ಕೊಳ್ಳಿ. ಮರ್ಕ್ಯುರಿ ಅನ್ನೋ ಆಕ್ಷನ್ ಕಾರ್ಡು ಅಂದ್ರೆ ಚಾಟಿ. ಅದಕ್ಕೆ ಸಲಮ್ಯಾಂಡರ್ ಆಟ್ರಿಬ್ಯೂಟ್ ಸೇರಿದರೆ ಬೆಂಕಿ ಚಾಟಿ, ಸರ್ಪೆಂಟ್ ಸೇರಿದರೆ ಹಿಮದ ಚಾಟಿ. ಮಾರ್ಸ್ ಚಾಟಿನೇ ಕಿತ್ತುಕೊಂಡು ಬೇರೆ ಆಯುಧ ಕೊಡುತ್ತೆ. ಯುರೇನಸ್ ದೈತ್ಯಪ್ರಾಣಿನ ಕರೆಸುತ್ತೆ, ಎಂಪಿನೂ (ಮಂತ್ರಕ್ಕೆ ಬೇಕಾದ ಶಕ್ತಿ) ಬಳಿದು ಹಾಕುತ್ತೆ.

ಹೊಸಬರು ಬೆಂಕಿ ಚಾಟಿ ಸಿಕ್ಕಿದ ತಕ್ಷಣ ಅದನ್ನೇ ಬೀಸ್ತಾ ಕೂರ್ತಾರೆ. ಸ್ವಲ್ಪ ತಾಳಿ. ಮರ್ಕ್ಯುರಿ ಅಥವಾ ಮಾರ್ಸ್ ಜೊತೆ ಸರ್ಪೆಂಟ್ ಇಲ್ಲಾ ಕಾಕಟ್ರಿಸ್ ಹಾಕಿ ನೋಡಿ. ಏಟು ತಿಂದ ಶತ್ರು ಹೆಪ್ಪುಗಟ್ಟುತ್ತೆ ಅಥವಾ ಕಲ್ಲಾಗುತ್ತೆ, ಅದರ ತಲೆ ಮೇಲೆ ಹತ್ತಿ ಎತ್ತರದ ಕಟ್ಟೆಗೆ ಹಾರಬಹುದು. ಆದರೆ ನಿಮ್ಮ ಲೆವೆಲ್ ಜಾಸ್ತಿಯಾಗಿ ಶತ್ರು ಒಂದೇ ಏಟಿಗೆ ಸತ್ತರೆ ಮೆಟ್ಟಿಲೂ ಹೋಯ್ತು. ಶಕ್ತಿ ಹೆಚ್ಚಿದ್ದಕ್ಕೆ ದಾರಿ ತಪ್ಪೋ ಆಟ! ಇನ್ನೊಂದು ಜೋಡಿ ಜ್ಯೂಪಿಟರ್, ಮ್ಯಾಂಡ್ರಗೋರಾ. ಅಲ್ಲಾಡದೆ ನಿಂತರೆ ಎಚ್‌ಪಿ, ಅಂದ್ರೆ ಜೀವಬಲ, ತುಂಬುತ್ತೆ. ಎಂಪಿ ಕಡಿಮೆಯಾದರೆ ನಿಲ್ಲಿಸಿ, ಅದು ತಾನಾಗಿ ಏರೋವರೆಗೆ ಕಾಯಿರಿ. ಬಾಸ್ ಬಾಗಿಲ ಮುಂದೆ ಔಷಧಿ ಖರ್ಚು ಉಳಿಯುತ್ತೆ.

ಈಗ ತಲೆನೋವು. ಕಾರ್ಡು ಬೀಳೋದು ನಿರ್ದಿಷ್ಟ ಶತ್ರುಗಳಿಂದ, ಅದೂ ಅದೃಷ್ಟ ಇದ್ದರೆ. ಯಾವ ಶತ್ರು ಅಂತ ಆಟ ಬಾಯಿ ಬಿಡಲ್ಲ. ಲಕ್ ಹೆಚ್ಚಿಸೋ ಸಾಮಾನು ತೊಟ್ಟು, ಕೋಣೆಯಿಂದ ಹೊರಗೆ ಹೋಗಿ ಮತ್ತೆ ಬಂದು, ಅದೇ ಶತ್ರುನ ಕೊಲ್ತಾ ಇರಬೇಕು. ನೂರಕ್ಕೊಂದು ಸಲ ಬೀಳುತ್ತೆ ಅಂತಲೇ ಇಟ್ಕೊಳ್ಳಿ, 100 ಸಲ ಕೊಂದ ಮೇಲೂ ಸಿಗದೇ ಇರೋ ಸಾಧ್ಯತೆ ಸುಮಾರು 37%. ಮರ್ಕ್ಯುರಿ ಬರದಿದ್ದರೆ ಕೈಲಿರೋ ಸಲಮ್ಯಾಂಡರ್ ಒಂದೇ ಏನು ಮಾಡೀತು? ಜೋಡಿ ಕಟ್ಟೋ ಆಟದಲ್ಲಿ ಅರ್ಧ ಜೋಡಿ ಕೊಟ್ಟು ಕೂರಿಸೋದು ನನ್ನ ಪ್ರಕಾರ ವಿನ್ಯಾಸದ ತಪ್ಪು.

ಈ ಆಟ ಮತ್ತೆ ಬಿಡುಗಡೆಯಾದ 2021ರ ಅಡ್ವಾನ್ಸ್ ಕಲೆಕ್ಷನ್ ಸಂಕಲನದಲ್ಲಿ ಇದಕ್ಕೆ ಮದ್ದಿದೆ: ನಿಮ್ಮ ಹತ್ತಿರ ಇಲ್ಲದ ಕಾರ್ಡು ಯಾವ ಶತ್ರು ಹತ್ತಿರ ಇದೆ ಅಂತ ಪರದೆ ಮೇಲೇ ತೋರಿಸುತ್ತೆ. ಅದನ್ನ ಆನ್ ಮಾಡ್ಕೊಳ್ಳಿ, ಮರ್ಯಾದೆ ಪ್ರಶ್ನೆ ಏನಿಲ್ಲ. ಒಮ್ಮೆ ಆಟ ಮುಗಿಸಿದ್ದರೆ ಹೊಸ ಫೈಲ್‌ಗೆ ಇಂಗ್ಲಿಷ್ ಅಕ್ಷರಗಳಲ್ಲಿ 'ಫೈರ್‌ಬಾಲ್' ಅಂತ ಹೆಸರಿಡಿ, ಮೆಜೀಶಿಯನ್ ಮೋಡ್ ತೆರೆಯುತ್ತೆ, 20 ಕಾರ್ಡೂ ಮೊದಲಿಂದಲೇ ಕೈಲಿ. ಬದಲಿಗೆ ತೋಳ್ಬಲ, ರಕ್ಷಣೆ ಕಮ್ಮಿ. ಈ ಮೋಡ್‌ನಲ್ಲಿ ಬ್ಯಾಟಲ್ ಅರೀನಾ ಅನ್ನೋ ಕಾಳಗದ ಜಾಗದ ಕಡೆ ಸುಳಿಯೋ ಮುಂಚೆ ಎರಡು ಸಲ ಯೋಚಿಸಿ. ಅಲ್ಲಿ ಒಳಗೆ ಕಾಲಿಟ್ಟರೆ ಎಂಪಿ ಸೊನ್ನೆ, ನೂರರಲ್ಲಿ ಒಂದು ಜೋಡಿನೂ ಹೊತ್ತಿಕೊಳ್ಳಲ್ಲ.